‘ಎಎಸ್’ ಬೇರೆ, ‘ಎಸ್‌ಎಸ್’ ಬೇರೆ: ರಕ್ತದ ಪ್ರೊಟೀನ್ ಬೇರ್ಪಡಿಸಿದ ಕಾಗದದ ಪಟ್ಟಿಯ ಕಥೆ

ವಯನಾಡು, ನೀಲಗಿರಿ ಭಾಗದ ಹಾಡಿ-ಹಟ್ಟಿಗಳಲ್ಲಿ ಸಿಕಲ್ ಸೆಲ್ ರಕ್ತ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಬರುವ ಚೀಟಿಯಲ್ಲಿ ‘ಎಎ’, ‘ಎಎಸ್’ ಅಥವಾ ‘ಎಸ್‌ಎಸ್’ ಎಂಬ ಎರಡಕ್ಷರ ಇರುತ್ತದೆ. ಕನ್ನಡದಲ್ಲಿ ಕುಡುಗೋಲು ಕಣ ರಕ್ತಹೀನತೆ, ಮಲಯಾಳದಲ್ಲಿ ಅರಿವಾಳ್ ರೋಗ ಎನ್ನುವ ಕಾಯಿಲೆಯ ಪರೀಕ್ಷೆ ಇದು. ‘ಎಎ’ ಎಂದರೆ ಈ ಕಾಯಿಲೆಯ ಸೋಂಕೂ ಇಲ್ಲ, ಸುಳಿವೂ ಇಲ್ಲ. ‘ಎಎಸ್’ ಬಂದವರು ರೋಗಿಗಳಲ್ಲ, ವಾಹಕರು ಮಾತ್ರ. ಅವರು ಎಲ್ಲರಂತೆ ದುಡಿದು ಉಂಡು ಇರಬಲ್ಲರು. ‘ಎಸ್‌ಎಸ್’ ಬಂದವರಿಗೆ ಕಾಯಿಲೆಯೇ ಇದೆ. ಅವರಿಗೆ ಕೈಕಾಲು, ಕೀಲುಗಳಲ್ಲಿ ತಡೆಯಲಾಗದ ನೋವು, ಪದೇ ಪದೇ ಜ್ವರ, ರಕ್ತ ಕಡಿಮೆಯಾಗುವುದು ಇವೆಲ್ಲ ಚಿಕ್ಕಂದಿನಿಂದಲೇ ಕಾಡುತ್ತವೆ. (ಸೋಂಕು ಎಂದದ್ದು ಮಾತಿಗೆ; ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ತಂದೆ-ತಾಯಿಯಿಂದ ಹುಟ್ಟಿನೊಂದಿಗೇ ಬರುವಂಥದ್ದು.)

ತೊಂದರೆ ಇರುವುದು ಇಲ್ಲಿ. ಊರಿನ ಶಿಬಿರಗಳಲ್ಲಿ ಮೊದಲು ಮಾಡುವ ಅಗ್ಗದ ಪರೀಕ್ಷೆಗೆ ಸಾಲ್ಯುಬಿಲಿಟಿ ಟೆಸ್ಟ್ ಎಂದು ಹೆಸರು. ಸಣ್ಣ ಟ್ಯೂಬಿನಲ್ಲಿರುವ ರಾಸಾಯನಿಕಕ್ಕೆ ರಕ್ತದ ಹನಿ ಬಿಟ್ಟು, ಹಿಂದೆ ಗೆರೆ ಎಳೆದ ಕಾಗದ ಹಿಡಿದು ನೋಡುತ್ತಾರೆ. ಗೆರೆ ಕಂಡರೆ ಸರಿ, ದ್ರವ ಕದಡಿ ಗೆರೆ ಮರೆಯಾದರೆ ‘ಪಾಸಿಟಿವ್’. ಆದರೆ ವಾಹಕರ ರಕ್ತವೂ ಕದಡುತ್ತದೆ, ರೋಗಿಯ ರಕ್ತವೂ ಕದಡುತ್ತದೆ. ಎರಡನ್ನೂ ಒಂದೇ ಎಂದು ತಿಳಿದರೆ ಆರೋಗ್ಯವಂತ ಹುಡುಗಿಯ ಹಣೆಗೆ ರೋಗಿ ಎಂಬ ಪಟ್ಟಿ ಅಂಟುತ್ತದೆ. ನಿಜವಾದ ರೋಗಿಯಾದ ಮಗುವಿಗೆ ಬೇಗ ಸಿಗಬೇಕಾದ ಔಷಧ ತಪ್ಪುತ್ತದೆ. ಈ ಎರಡನ್ನೂ ಬಿಡಿಸಿ ತೋರಿಸಿದ ವಿಧಾನವೇ ಎಲೆಕ್ಟ್ರೋಫೋರೆಸಿಸ್, ಅಂದರೆ ವಿದ್ಯುತ್ತಿನಿಂದ ರಕ್ತದ ಪ್ರೊಟೀನುಗಳನ್ನು ಓಡಿಸಿ ಬೇರ್ಪಡಿಸುವುದು. ಅದು ದೊಡ್ಡ ವಿಶ್ವವಿದ್ಯಾಲಯಗಳಿಂದ ಇಳಿದು ಸಾಮಾನ್ಯ ಆಸ್ಪತ್ರೆಯ ಮೇಜಿಗೆ ಬಂದದ್ದು ಒಂದು ತುಂಡು ಕಾಗದದ ದೆಸೆಯಿಂದ.

ಕೋಣೆ ತುಂಬುವ ಯಂತ್ರ, ಎರಡು ಬೆರಳಗಲದ ಪಟ್ಟಿ

ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ. ಅದು ಸೀರಮ್. ಆರೋಗ್ಯವಂತರ 100 ಮಿಲಿಲೀಟರ್ ಸೀರಮಿನಲ್ಲಿ ಸುಮಾರು 6ರಿಂದ 8 ಗ್ರಾಂ ಪ್ರೊಟೀನ್ ಇರುತ್ತದೆ. ನೋಡಲು ಒಂದೇ ದ್ರವ, ಒಳಗೆ ನೂರಾರು ಬಗೆಯ ಪ್ರೊಟೀನು. ಇವನ್ನು ಸ್ವಲ್ಪ ಕ್ಷಾರೀಯವಾದ ದ್ರಾವಣದಲ್ಲಿ ಇಟ್ಟರೆ ಎಲ್ಲವೂ ಋಣ ವಿದ್ಯುದಂಶ ಪಡೆಯುತ್ತವೆ, ಆದರೆ ಒಂದರ ಅಂಶ ಹೆಚ್ಚು, ಇನ್ನೊಂದರದು ಕಡಿಮೆ. ವಿದ್ಯುತ್ ಹರಿಸಿದಾಗ ಅಂಶ ಹೆಚ್ಚಿರುವುದು ಧನ ಧ್ರುವದ ಕಡೆಗೆ ಬೇಗ ಓಡುತ್ತದೆ, ಕಡಿಮೆ ಇರುವುದು ಹಿಂದುಳಿಯುತ್ತದೆ. ತತ್ವ ಇಷ್ಟೇ.

ಸ್ವೀಡನ್ ದೇಶದ ಉಪ್ಸಾಲಾದಲ್ಲಿ ಆರ್ನೆ ಟಿಸೇಲಿಯಸ್ 1937ರಲ್ಲಿ ಇದನ್ನು ಗಾಜಿನ ನಳಿಗೆಯಲ್ಲಿ ಮಾಡಿ ತೋರಿಸಿದರು. ಕುದುರೆಯ ಸೀರಮನ್ನು ಅಲ್ಬುಮಿನ್ ಮತ್ತು ಆಲ್ಫಾ, ಬೀಟಾ, ಗಾಮಾ ಗ್ಲಾಬ್ಯುಲಿನ್ ಎಂದು ವಿಂಗಡಿಸಿದ್ದು ಅವರೇ. ಇಂದಿಗೂ ಲ್ಯಾಬ್ ರಿಪೋರ್ಟುಗಳಲ್ಲಿ ಇರುವುದು ಅದೇ ಹೆಸರುಗಳು. 1948ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಅವರ ಯಂತ್ರ ಕೋಣೆ ತುಂಬುವಷ್ಟು ದೊಡ್ಡದು, ಬೆಲೆಯೂ ಬಹಳ. ಪ್ರೊಟೀನುಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ದ್ರಾವಣದಲ್ಲಿ ಬೆಳಕು ಬಾಗುವುದನ್ನು ಮಸೂರಗಳ ಮೂಲಕ ಹಿಡಿದು ಫೋಟೋ ತೆಗೆಯಬೇಕಿತ್ತು. ಹಲವು ಮಿಲಿಲೀಟರ್ ಸೀರಮ್ ಬೇಕು. ಎಳೆ ಮಗುವಿನಿಂದ ಅಷ್ಟು ರಕ್ತ ತೆಗೆಯುವವರು ಯಾರು? ಇಷ್ಟೆಲ್ಲ ಮಾಡಿದರೂ ಪ್ರೊಟೀನುಗಳು ಪೂರ್ತಿ ಬೇರೆಯಾಗದೆ ಒಂದರ ಅಂಚು ಇನ್ನೊಂದರ ಮೇಲೆ ಬಿದ್ದಿರುತ್ತಿದ್ದವು.

1940ರ ದಶಕದ ಕೊನೆಗೆ ಕೆಲವರಿಗೆ ಬೇರೆ ಯೋಚನೆ ಬಂತು. ದ್ರಾವಣವನ್ನು ನಳಿಗೆಯಲ್ಲಿ ತುಂಬುವ ಬದಲು ಫಿಲ್ಟರ್ ಪೇಪರನ್ನೇ ಅದರಲ್ಲಿ ನೆನೆಸಿ, ಕಾಗದದ ಮೇಲೆ ಸೀರಮಿನ ಒಂದು ಚುಕ್ಕೆ ಇಟ್ಟು ವಿದ್ಯುತ್ ಹರಿಸಿದರೆ ಹೇಗೆ? ಜರ್ಮನಿಯಲ್ಲಿ ವೀಲಾಂಡ್ ಮತ್ತು ಫಿಶರ್, ಅಮೆರಿಕದಲ್ಲಿ ಡರಮ್, ಸ್ವೀಡನ್ನಿನಲ್ಲಿ ಕ್ರೆಮರ್ ಜೊತೆ ಸ್ವತಃ ಟಿಸೇಲಿಯಸ್ ಹೀಗೆ 1948ರಿಂದ 1950ರೊಳಗೆ ಹಲವರು ಬೇರೆ ಬೇರೆಯಾಗಿ ಇದೇ ದಾರಿಗೆ ಬಂದರು. ತನ್ನ ದೊಡ್ಡ ಯಂತ್ರವನ್ನು ಮೂಲೆಗೆ ತಳ್ಳುವ ಕೆಲಸಕ್ಕೆ ಟಿಸೇಲಿಯಸ್ ತಾನೇ ಕೈಹಾಕಿದ್ದು ಮೆಚ್ಚಬೇಕಾದ ಸಂಗತಿ. ಈಗ ಬೇಕಾದದ್ದು ಒಂದಡಿ ಉದ್ದ, ಎರಡು ಬೆರಳಗಲದ ಕಾಗದದ ಪಟ್ಟಿ, ಎರಡು ತೊಟ್ಟಿ ಬಫರ್ ದ್ರಾವಣ, ಮುಚ್ಚಳವಿರುವ ಒಂದು ಡಬ್ಬಿ, ವಿದ್ಯುತ್ ಕೊಡುವ ಒಂದು ಪೆಟ್ಟಿಗೆ. ಸೀರಮ್ ಒಂದು ಮಿಲಿಲೀಟರಿನ ನೂರನೇ ಒಂದು ಭಾಗ ಸಾಕು. ಬೆರಳ ತುದಿಗೆ ಚುಚ್ಚಿದರೆ ಸಿಗುವಷ್ಟು.

ಬಿಸಿ, ಆವಿ ಮತ್ತು ನೀರಿನ ಮಟ್ಟ

ಹೇಳಿದಷ್ಟು ಸುಲಭವಾಗಿ ಗೆರೆಗಳು ಮೂಡಲಿಲ್ಲ. ಮೊದಮೊದಲು ಇವತ್ತು ಬಂದ ಫಲಿತಾಂಶ ನಾಳೆ ಬರುತ್ತಿರಲಿಲ್ಲ. ಮುಂದಿನ ಹತ್ತು ವರ್ಷ ಪ್ರಯೋಗಾಲಯಗಳು ಮಾಡಿದ್ದು ಈ ಸರಳ ಸಾಧನದ ಒಂದೊಂದೇ ದೋಷವನ್ನು ಹುಡುಕಿ ತಿದ್ದುವ ಕೆಲಸ.

ಮೊದಲ ಶತ್ರು ಬಿಸಿ. ಒದ್ದೆ ಕಾಗದದಲ್ಲಿ ವಿದ್ಯುತ್ ಹರಿದರೆ ಅದು ಬಿಸಿಯಾಗುತ್ತದೆ, ನೀರು ಆವಿಯಾಗುತ್ತದೆ. ನೀರು ಹೋದಂತೆ ಕಾಗದದಲ್ಲಿ ಲವಣದ ಪ್ರಮಾಣ ಹೆಚ್ಚಿ ಇನ್ನಷ್ಟು ವಿದ್ಯುತ್ ಹರಿಯುತ್ತದೆ, ಇನ್ನಷ್ಟು ಬಿಸಿ. ಅದೂ ಅಲ್ಲದೆ ಒಣಗಿದ ಕಾಗದ ದೀಪದ ಬತ್ತಿಯಂತೆ ಎರಡೂ ತೊಟ್ಟಿಗಳಿಂದ ದ್ರಾವಣವನ್ನು ಹೀರುತ್ತದೆ. ಎರಡು ಕಡೆಯಿಂದ ನುಗ್ಗಿದ ನೀರು ಗೆರೆಗಳನ್ನು ನಡುವಿಗೆ ಒತ್ತಿಬಿಡುತ್ತದೆ. ಇದಕ್ಕೆ ಒಬ್ಬೊಬ್ಬರು ಒಂದೊಂದು ಉಪಾಯ ಮಾಡಿದರು. ಕ್ರೆಮರ್ ಮತ್ತು ಟಿಸೇಲಿಯಸ್ ಪಟ್ಟಿಯನ್ನು ಗಾಜಿನ ಹಲಗೆಗಳ ನಡುವೆ ಇಟ್ಟು ಕ್ಲೋರೋಬೆಂಜೀನ್ ಎಂಬ ದ್ರವದಲ್ಲಿ ಮುಳುಗಿಸಿದರು. ಕೆಲಸವೇನೋ ಆಯಿತು, ಆದರೆ ಆ ವಾಸನೆಯ ವಿಷದ್ರವವನ್ನು ದಿನಾ ಮುಟ್ಟುವುದು ಆಸ್ಪತ್ರೆಯ ತಂತ್ರಜ್ಞರಿಗೆ ಆಗುವ ಮಾತಲ್ಲ. ಡರಮ್ ಪಟ್ಟಿಯನ್ನು ಒಂದು ಗಾಜಿನ ಕಡ್ಡಿಯ ಮೇಲೆ, ಹಗ್ಗದ ಮೇಲೆ ಒಣಹಾಕಿದ ಟವೆಲಿನಂತೆ, ಎರಡು ಬದಿಗೂ ಇಳಿಬಿಟ್ಟು ಮುಚ್ಚಿದ ಪೆಟ್ಟಿಗೆಯೊಳಗೆ ತೂಗುಹಾಕಿದರು. ಒಳಗಿನ ಗಾಳಿ ತೇವದಿಂದ ತುಂಬಿದ್ದರೆ ಕಾಗದ ಒಣಗುವುದಿಲ್ಲ. ಕೊನೆಗೆ ಹೆಚ್ಚು ಕಡೆ ನೆಲೆನಿಂತದ್ದು ಈ ಬಗೆಯ ಮುಚ್ಚಿದ ಪೆಟ್ಟಿಗೆಯೇ. ಜೊತೆಗೆ ಅವಸರ ಬಿಟ್ಟು, ಕಡಿಮೆ ವೋಲ್ಟೇಜಿನಲ್ಲಿ ಸಂಜೆ ಹಚ್ಚಿ ಬೆಳಿಗ್ಗೆ ತೆಗೆಯುವ ಪದ್ಧತಿ ಬಂತು. ರಾತ್ರಿಯಿಡೀ ಓಡಿದರೂ ಅಲ್ಬುಮಿನ್ ಒಂದು ಗೇಣು ಕೂಡ ಸಾಗುವುದಿಲ್ಲ, ಆದರೆ ಗೆರೆಗಳು ಹಾಳಾಗುವುದಿಲ್ಲ. ನಡುರಾತ್ರಿ ಕರೆಂಟು ಹೋದರೆ ಮಾತ್ರ ಎಲ್ಲ ಕೆಟ್ಟಂತೆ: ಓಟ ನಿಂತ ಪ್ರೊಟೀನುಗಳು ನಿಂತಲ್ಲೇ ಶಾಯಿಯ ಹಾಗೆ ಹರಡಿಕೊಳ್ಳುತ್ತವೆ.

ಎರಡನೆಯದು ನೀರಿನ ಮಟ್ಟ. ಪಟ್ಟಿಯ ಎರಡು ತುದಿ ಮುಳುಗಿರುವ ತೊಟ್ಟಿಗಳಲ್ಲಿ ಒಂದರ ಮಟ್ಟ ಸ್ವಲ್ಪ ಮೇಲಿದ್ದರೂ ಕಾಗದದ ಮೂಲಕ ದ್ರಾವಣ ಕೆಳಗಿನ ತೊಟ್ಟಿಗೆ ಹರಿಯುತ್ತದೆ, ಪ್ರೊಟೀನುಗಳನ್ನೂ ಎಳೆದೊಯ್ಯುತ್ತದೆ. ಗದ್ದೆಗೆ ನೀರು ಕಟ್ಟುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಡಿಸುವ ಮೊದಲು ಎರಡು ತೊಟ್ಟಿಗಳಿಗೂ ನಳಿಗೆ ಜೋಡಿಸಿ ಮಟ್ಟ ಸರಿಮಾಡಿ, ನಳಿಗೆ ಮುಚ್ಚಿದ ಮೇಲೆಯೇ ಸ್ವಿಚ್ ಹಾಕುವುದು ಕ್ರಮವಾಯಿತು.

ಬಫರ್ ದ್ರಾವಣವೂ ಒಂದೇ ಸಮ ಇರುವುದಿಲ್ಲ. ವಿದ್ಯುತ್ ಹರಿಯುತ್ತಿದ್ದಂತೆ ಒಂದು ತೊಟ್ಟಿಯಲ್ಲಿ ಆಮ್ಲ, ಇನ್ನೊಂದರಲ್ಲಿ ಕ್ಷಾರ ಹೆಚ್ಚುತ್ತಾ ಹೋಗುತ್ತದೆ. ಸೀರಮಿಗೆ ಬಳಸುತ್ತಿದ್ದ ಬಾರ್ಬಿಟಲ್ ಬಫರಿನ ಪಿಎಚ್ 8.6 ಇರಬೇಕು, ಅದು ಜಾರಿದರೆ ಪ್ರೊಟೀನುಗಳ ವೇಗವೇ ಬದಲು. ಅದಕ್ಕೆ ತೊಟ್ಟಿಯ ನಡುವೆ ಅಡ್ಡಗೋಡೆ ಇಟ್ಟು ತಂತಿಯ ಬಳಿಯ ದ್ರಾವಣ ಕಾಗದದ ಹತ್ತಿರ ಬರದಂತೆ ಮಾಡಿದರು. ಪ್ರತಿ ಸಲ ಓಡಿಸಿದ ಮೇಲೆ ಧನ-ಋಣ ತಂತಿಗಳನ್ನು ಅದಲುಬದಲು ಮಾಡಿದರೆ ದ್ರಾವಣ ಮತ್ತೆ ಹದಕ್ಕೆ ಬರುತ್ತದೆ ಎಂಬುದೂ ಗೊತ್ತಾಯಿತು.

ಕಾಗದದ್ದೇ ಒಂದು ತಂಟೆ ಇತ್ತು. ಒದ್ದೆ ಕಾಗದದ ನಾರಿಗೂ ಋಣ ಅಂಶ ಇರುವುದರಿಂದ ಅದರೊಳಗಿನ ನೀರು ಎದುರು ದಿಕ್ಕಿಗೆ, ಅಂದರೆ ಋಣ ಧ್ರುವದ ಕಡೆಗೆ ನಿಧಾನವಾಗಿ ಹರಿಯುತ್ತದೆ. ಅಲ್ಬುಮಿನ್ ಬಲಶಾಲಿ, ಹೊಳೆಗೆ ಎದುರಾಗಿ ಈಜುತ್ತದೆ. ನಿಧಾನಿಯಾದ ಗಾಮಾ ಗ್ಲಾಬ್ಯುಲಿನ್ ಮಾತ್ರ ಚುಕ್ಕೆ ಇಟ್ಟ ಜಾಗಕ್ಕಿಂತ ಹಿಂದಕ್ಕೆ ಕೊಚ್ಚಿಹೋಗುತ್ತದೆ. ಮೊದಲ ಸಲ ನೋಡಿದವರಿಗೆ ತಂತಿ ತಿರುಗಾಮುರುಗಾ ಆಗಿದೆಯೇ ಎಂಬ ಅನುಮಾನ ಬರುವುದು ಸಹಜ. ಅದಕ್ಕೇ ಚುಕ್ಕೆಯನ್ನು ಪಟ್ಟಿಯ ಅಂಚಿನಲ್ಲಿ ಇಡದೆ ಒಳಗೆ ಸಾಕಷ್ಟು ಜಾಗ ಬಿಟ್ಟು ಇಡುತ್ತಿದ್ದರು. ಗುರುತು ಪೆನ್ಸಿಲಿನಲ್ಲೇ ಆಗಬೇಕು; ಪೆನ್ನಿನ ಶಾಯಿಯಾದರೆ ಅದೂ ಓಟಕ್ಕೆ ಹೊರಟುಬಿಡುತ್ತದೆ.

ಬೆಳಿಗ್ಗೆ ಪಟ್ಟಿ ತೆಗೆದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿ ಒಲೆಯಲ್ಲಿ ಒಣಗಿಸಿದರೆ ಪ್ರೊಟೀನು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬ್ರೋಮೋಫೀನಾಲ್ ಬ್ಲೂ ಬಣ್ಣದಲ್ಲಿ ಅದ್ದಿ, ಹೆಚ್ಚಿನ ಬಣ್ಣವನ್ನು ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ತೊಳೆದರೆ ಐದು ನೀಲಿ ಗೆರೆ ಏಳುತ್ತವೆ. ಮುಂದೆ ದಟ್ಟವಾದ ಅಲ್ಬುಮಿನ್, ಅದರ ಹಿಂದೆ ಆಲ್ಫಾ-1, ಆಲ್ಫಾ-2, ಬೀಟಾ, ಕಟ್ಟಕಡೆಗೆ ಅಗಲವಾದ ಗಾಮಾ. ಎಷ್ಟಿದೆ ಎಂದು ಅಳೆಯಲು ಒಂದೊಂದು ಗೆರೆಯನ್ನೂ ಕತ್ತರಿಸಿ, ಬಣ್ಣವನ್ನು ಕ್ಷಾರದಲ್ಲಿ ಬಿಡಿಸಿ ಕಲರಿಮೀಟರಿನಲ್ಲಿ ನೋಡುತ್ತಿದ್ದರು. ಆದರೆ ತೂಕಕ್ಕೆ ತೂಕ ನೋಡಿದರೆ ಅಲ್ಬುಮಿನ್ ಹೆಚ್ಚು ಬಣ್ಣ ಹಿಡಿಯುತ್ತದೆ, ಗ್ಲಾಬ್ಯುಲಿನ್ ಕಡಿಮೆ. ಬಣ್ಣವನ್ನೇ ನಂಬಿದರೆ ಲೆಕ್ಕ ತಪ್ಪುವುದರಿಂದ ಗ್ಲಾಬ್ಯುಲಿನಿಗೆ ತಿದ್ದುಪಡಿಯ ಗುಣಾಂಕ ಹಾಕಬೇಕಾಯಿತು. ಅಲ್ಬುಮಿನ್ ಹೋಗುವ ದಾರಿಯುದ್ದಕ್ಕೂ ಕಾಗದಕ್ಕೆ ಸ್ವಲ್ಪ ಸ್ವಲ್ಪ ಅಂಟಿ ಬಾಲ ಬಿಡುವುದು ಇನ್ನೊಂದು ರಗಳೆ. ಈ ಬಾಲ ಹಿಂದಿನ ಗೆರೆಗಳ ಮೇಲೆ ಬಿದ್ದು ಅವುಗಳ ಪ್ರಮಾಣ ಹೆಚ್ಚಾದಂತೆ ತೋರಿಸುತ್ತದೆ. ಎಷ್ಟೇ ಒಳ್ಳೆಯ ಫಿಲ್ಟರ್ ಪೇಪರ್ ತಂದರೂ ಇದು ಪೂರ್ತಿ ಹೋಗಲಿಲ್ಲ.

ಇಷ್ಟರ ಮೇಲೂ ಪಟ್ಟಿ ವೈದ್ಯರಿಗೆ ಉಪಕಾರ ಮಾಡಿತು. ಮೂತ್ರಪಿಂಡದಿಂದ ಪ್ರೊಟೀನ್ ಸೋರುವವರಲ್ಲಿ ಅಲ್ಬುಮಿನ್ ಸೊರಗಿ ಆಲ್ಫಾ-2 ದಪ್ಪವಾಗುತ್ತದೆ. ಲಿವರ್ ಗಟ್ಟಿಯಾದವರಲ್ಲಿ ಬೀಟಾ ಮತ್ತು ಗಾಮಾ ಕೂಡಿಕೊಳ್ಳುತ್ತವೆ. ಮೂಳೆಮಜ್ಜೆಯ ಮೈಲೋಮಾ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಗಾಮಾ ಜಾಗದಲ್ಲಿ ಚೂಪಾದ ಹೊಸ ಗೆರೆಯೊಂದು ಏಳುತ್ತದೆ.

ನೀಲಗಿರಿಯ ರಕ್ತ

ಕುಡುಗೋಲು ಕಾಯಿಲೆಯ ಗುಟ್ಟು ಇರುವುದು ಸೀರಮಿನಲ್ಲಲ್ಲ, ಕೆಂಪುಕಣದೊಳಗಿನ ಹಿಮೋಗ್ಲೋಬಿನ್‌ನಲ್ಲಿ. 1949ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಟಿಸೇಲಿಯಸ್ ಮಾದರಿಯ ಯಂತ್ರದಲ್ಲಿ ರೋಗಿಗಳ ಹಿಮೋಗ್ಲೋಬಿನ್ ಓಡಿಸಿ ನೋಡಿದರು. ಅದು ಸಾಮಾನ್ಯ ಹಿಮೋಗ್ಲೋಬಿನ್‌ಗಿಂತ ಬೇರೆ ವೇಗದಲ್ಲಿ ಸರಿಯಿತು. ವಾಹಕರಲ್ಲಿ ಎರಡೂ ಬಗೆ ಇದ್ದವು. ಒಂದು ಕಾಯಿಲೆಗೆ ಒಂದೇ ಅಣುವಿನ ದೋಷ ಕಾರಣ ಎಂದು ಹೀಗೆ ತೋರಿಸಿದ್ದು ವೈದ್ಯಲೋಕದಲ್ಲಿ ಮೊದಲು. ಅದೇ ವರ್ಷ ಜೇಮ್ಸ್ ನೀಲ್, ತಂದೆ-ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಯಿಲೆ ಎಂದು ವಿವರಿಸಿದರು.

ದೋಷ ಎಲ್ಲಿದೆ ಎಂದು ಹಿಡಿದದ್ದು ಕಾಗದ. 1956ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ವರ್ನನ್ ಇಂಗ್ರಾಮ್ ಹಿಮೋಗ್ಲೋಬಿನನ್ನು ಕಿಣ್ವದಿಂದ ಸಣ್ಣ ಸಣ್ಣ ತುಣುಕು ಮಾಡಿ, ಫಿಲ್ಟರ್ ಪೇಪರಿನ ಮೇಲೆ ಒಂದು ದಿಕ್ಕಿಗೆ ವಿದ್ಯುತ್ತಿನಿಂದಲೂ ಅಡ್ಡ ದಿಕ್ಕಿಗೆ ದ್ರಾವಕದಿಂದಲೂ ಹರಡಿದರು. ಬಂದ ಚುಕ್ಕೆಗಳ ಗುಂಪಿನಲ್ಲಿ ಒಂದೇ ಒಂದು ಚುಕ್ಕೆ ಜಾಗ ಬದಲಿಸಿತ್ತು. ಮರುವರ್ಷ ಅದೂ ಬಿಡಿಸಿ ಹೇಳಿದರು: ಹಿಮೋಗ್ಲೋಬಿನ್ ಅಣುವಿನ ಒಂದು ಅರ್ಧದಲ್ಲಿ 287 ಅಮೈನೋ ಆಮ್ಲಗಳಿದ್ದರೆ ಅದರಲ್ಲಿ ಒಂದು ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂತಿದೆ, ಬೇರೇನೂ ಬದಲಾಗಿಲ್ಲ. ಗ್ಲುಟಾಮಿಕ್ ಆಮ್ಲಕ್ಕೆ ಋಣ ಅಂಶ ಇದೆ, ವ್ಯಾಲಿನ್‌ಗೆ ಇಲ್ಲ. ಕಾಗದದ ಪಟ್ಟಿಯ ಮೇಲೆ ‘ಎಸ್’ ಗೆರೆ ‘ಎ’ ಗೆರೆಗಿಂತ ಹಿಂದೆ ಉಳಿಯುವುದು ಇದರಿಂದಲೇ. ಆಮ್ಲಜನಕ ಕಡಿಮೆಯಾದಾಗ ‘ಎಸ್’ ಅಣುಗಳು ಒಂದಕ್ಕೊಂದು ಅಂಟಿ ಕೋಲಿನಂತಾಗಿ, ದುಂಡು ಕಣವನ್ನು ಕುಡುಗೋಲಿನಂತೆ ಬಾಗಿಸುವುದೂ ಇದರಿಂದಲೇ.

ಈ ನಡುವೆ 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಶ್ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇರುವುದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲೂ ಇದು ಕಂಡುಬಂತು. ಅಲ್ಲಿಯವರೆಗೆ ಇದನ್ನು ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಹೆಚ್ಚಾಗಿ ಎಣಿಸಲಾಗಿತ್ತು. ಆಮೇಲೆ ವಯನಾಡಿನ ಪಣಿಯ, ಕುರುಮ, ಕುರಿಚಿಯ, ಅಡಿಯ, ವಯನಾಡನ್ ಚೆಟ್ಟಿ ಸಮುದಾಯಗಳಲ್ಲೂ ಪತ್ತೆಯಾಯಿತು. ಇದಕ್ಕೂ ಕುಲದ ಮೇಲು-ಕೀಳಿಗೂ ಸಂಬಂಧವಿಲ್ಲ. ವಾಹಕರಿಗೆ ಮಲೇರಿಯಾ ಮಾರಣಾಂತಿಕವಾಗುವುದು ಕಡಿಮೆ ಎಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಕಾಡುಜ್ವರಕ್ಕೆ ಹೆಸರಾಗಿದ್ದ ವಯನಾಡಿನಂಥ ಸೀಮೆಯಲ್ಲಿ ತಲೆಮಾರುಗಳ ಕಾಲ ಜನರನ್ನು ಕಾಪಾಡಿದ್ದು ಇದೇ ಅರ್ಧ ದೋಷ.

ಪಟ್ಟಿ ಎಲ್ಲಿ ದಾರಿ ತಪ್ಪಿಸುತ್ತದೆ

ಹಿಮೋಗ್ಲೋಬಿನ್ ಓಡಿಸಲು ಕೆಂಪುಕಣಗಳನ್ನು ಉಪ್ಪುನೀರಿನಲ್ಲಿ ತೊಳೆದು, ಆಮೇಲೆ ಒಡೆಯಬೇಕು. ಅದು ತಾನೇ ಕೆಂಪಾದ್ದರಿಂದ ಬಣ್ಣ ಹಾಕುವ ಮೊದಲೇ ಗೆರೆ ಕಾಣುತ್ತದೆ. ಆದರೆ ‘ಎ’ಗೂ ‘ಎಸ್‌’ಗೂ ನಡುವಿನ ಅಂತರ ಬಹಳ ಕಡಿಮೆ. ಆದ್ದರಿಂದ ಈಗಾಗಲೇ ‘ಎಎಸ್’ ಎಂದು ಗೊತ್ತಿರುವ ಒಬ್ಬರ ರಕ್ತವನ್ನು ಪಕ್ಕದಲ್ಲೇ ಓಡಿಸಿ ಹೋಲಿಸುವುದು ಕಡ್ಡಾಯ. ಮೇಲೆ ಹೇಳಿದ ಎಲ್ಲ ಸುಧಾರಣೆಗಳ ಪೈಕಿ ಇದೇ ಅತಿ ಅಗ್ಗ, ಇದೇ ಅತಿ ಮುಖ್ಯ ಎನ್ನಬಹುದು.

ಎಳೆ ಮಕ್ಕಳಲ್ಲಿ ಹೆಚ್ಚಾಗಿ ಇರುವುದು ‘ಎಫ್’ ಎಂಬ ಹಿಮೋಗ್ಲೋಬಿನ್. ಅದು ‘ಎ’ ಮತ್ತು ‘ಎಸ್’ ನಡುವೆ ಬಂದು ಕಾಗದದ ಮೇಲೆ ಕಲಸಿಕೊಳ್ಳುತ್ತದೆ. ಪಂಜಾಬ್ ಕಡೆ ಹೆಚ್ಚು ಕಾಣುವ ‘ಡಿ’ ಹಿಮೋಗ್ಲೋಬಿನ್ ಕ್ಷಾರೀಯ ಬಫರಿನಲ್ಲಿ ‘ಎಸ್’ ಜಾಗದಲ್ಲೇ ನಿಲ್ಲುತ್ತದೆ. ಆಮ್ಲೀಯ ಅಗರ್ ಜೆಲ್‌ನಲ್ಲಿ ಮತ್ತೊಮ್ಮೆ ಓಡಿಸಿದರೆ ಮಾತ್ರ ಎರಡೂ ಬೇರೆಯಾಗುತ್ತವೆ. ಒಬ್ಬ ಪೋಷಕರಿಂದ ಸಿಕಲ್ ಸೆಲ್, ಇನ್ನೊಬ್ಬರಿಂದ ಬೀಟಾ ಥಲಸೇಮಿಯಾ ಬಂದ ಮಗುವಿನ ಪಟ್ಟಿ ‘ಎಸ್‌ಎಸ್’ನಂತೆಯೇ ಕಾಣಬಹುದು. ಇದನ್ನು ಬಿಡಿಸಲು ‘ಎ2’ ಎಂಬ ಸಣ್ಣ ಗೆರೆಯನ್ನು ಅಳೆಯಬೇಕು. 1955ರಲ್ಲಿ ಕುಂಕೆಲ್ ಮತ್ತು ವಾಲೇನಿಯಸ್ ಅದನ್ನು ಕಂಡದ್ದು ಕಾಗದದಲ್ಲಲ್ಲ, ಗಂಜಿಯ ಅಚ್ಚಿನಲ್ಲಿ.

ಕಾಗದದ ಕಾಲ ಮುಗಿಯುತ್ತಾ ಬಂದದ್ದೂ ಹೀಗೆಯೇ. 1955ರಲ್ಲಿ ಕೆನಡಾದ ಟೊರೊಂಟೊದಲ್ಲಿ ಆಲಿವರ್ ಸ್ಮಿತೀಸ್ ಗಂಜಿಯ ಜೆಲ್ ತಂದರು. ಅಮ್ಮ ಬಟ್ಟೆಗೆ ಹಾಕುತ್ತಿದ್ದ ಗಂಜಿ ಆರಿದ ಮೇಲೆ ಲೋಳೆಯಾಗುತ್ತಿದ್ದುದು ನೆನಪಾಗಿ ಈ ಯೋಚನೆ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಕಾಗದದಲ್ಲಿ ಐದಾಗಿದ್ದ ಸೀರಮಿನ ಗೆರೆಗಳು ಅದರಲ್ಲಿ ಹತ್ತಕ್ಕೂ ಹೆಚ್ಚಾದವು. 1957ರಲ್ಲಿ ಲಂಡನ್ನಿನ ಜೋಕಿಮ್ ಕೋನ್ ಸೆಲ್ಯುಲೋಸ್ ಅಸಿಟೇಟ್ ಪಟ್ಟಿ ಬಳಸಿದರು. ಅದಕ್ಕೆ ಪ್ರೊಟೀನು ಅಂಟುವುದಿಲ್ಲವಾದ್ದರಿಂದ ಬಾಲದ ಕಾಟ ತಪ್ಪಿತು, ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಒಂದೆರಡು ಗಂಟೆಗೆ ಇಳಿಯಿತು. ಈಗ ದೊಡ್ಡ ಲ್ಯಾಬುಗಳಲ್ಲಿ ಎಚ್‌ಪಿಎಲ್‌ಸಿ ಯಂತ್ರ, ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಬಂದಿವೆ. ಬೆರಳ ಹನಿ ರಕ್ತದಲ್ಲೇ ‘ಎಎಸ್’, ‘ಎಸ್‌ಎಸ್’ ತೋರಿಸುವ ಕಾರ್ಡುಗಳೂ ಇವೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕೇರಳ, ತಮಿಳುನಾಡು, ಕರ್ನಾಟಕ ಮೂರೂ ಸೇರಿವೆ. 2047ರೊಳಗೆ ಗುರಿ ಮುಟ್ಟುವ ಉದ್ದೇಶ ಅದರದು. ಗೂಡಲೂರಿನ ಆದಿವಾಸಿ ಆಸ್ಪತ್ರೆಯಂಥವು ಅದಕ್ಕೂ ಬಹಳ ಮೊದಲಿನಿಂದ ಈ ಕೆಲಸ ಮಾಡುತ್ತಿವೆ.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿದೆ, ಇನ್ನು ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರು ‘ಎಎ’ ಆಗಿದ್ದರೆ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಹಾಗಾಗಿ ವಾಹಕರು ಮದುವೆಯಾಗಬಾರದು ಎಂಬ ಮಾತಿಗೆ ಅರ್ಥವಿಲ್ಲ, ಇಬ್ಬರ ಚೀಟಿಯೂ ನೋಡಬೇಕು ಎಂಬುದಷ್ಟೇ.

ಇತ್ತೀಚೆಗೆ ರಕ್ತ ಹಾಕಿಸಿಕೊಂಡವರ ಪರೀಕ್ಷೆಯಲ್ಲಿ ದಾನಿಯ ‘ಎ’ ಕೂಡ ಕಾಣುವುದರಿಂದ ರೋಗಿಯೂ ವಾಹಕನಂತೆ ತೋರಬಹುದು. ಅಂಥವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು. ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡುತ್ತಾರೆ. ಆರು ತಿಂಗಳೊಳಗಿನ ಕೂಸಿಗೆ ಸಾಲ್ಯುಬಿಲಿಟಿ ಟೆಸ್ಟ್ ‘ನೆಗೆಟಿವ್’ ಬಂದರೆ ಅದನ್ನು ನಂಬುವಂತಿಲ್ಲ. ಮನೆಯಲ್ಲಿರುವ ಹಳೆಯ ಚೀಟಿಯಲ್ಲಿ ‘ಸಿಕಲ್ ಪಾಸಿಟಿವ್’ ಎಂದಷ್ಟೇ ಬರೆದಿದ್ದರೆ ಅದು ಅರ್ಧ ಪರೀಕ್ಷೆ ಮಾತ್ರ. ಚೀಟಿ ತೆಗೆದುಕೊಂಡು ಹೋಗಿ ಎಲೆಕ್ಟ್ರೋಫೋರೆಸಿಸ್ ಅಥವಾ ಎಚ್‌ಪಿಎಲ್‌ಸಿ ಮಾಡಿಸಿ, ಎರಡಕ್ಷರದ ಉತ್ತರವನ್ನು ಬರೆಸಿಕೊಳ್ಳಬೇಕು.